ಮೆಲ್ಲಗೆ ಕರೆದ ಹೆಸರು

ನಮ್ಮ ಭಾಗದಲ್ಲಿ ಒಂದು ಕಾಲಕ್ಕೆ ಸಾಕ್ಷ್ಯಚಿತ್ರವೆಂದರೆ ಸರಕಾರದ ವ್ಯಾನಿನಲ್ಲಿ ಬಂದು, ಬಯಲಲ್ಲಿ ಕಟ್ಟಿದ ಬಿಳಿ ಪರದೆಯ ಮೇಲೆ ಅಣೆಕಟ್ಟು, ಲಸಿಕೆ, ಸುಧಾರಿತ ಬೀಜಗಳ ಸಂಗತಿ ಹೇಳಿ, ಅದೇ ವ್ಯಾನಿನಲ್ಲಿ ಹೊರಟುಹೋಗುವ ವಸ್ತುವಾಗಿತ್ತು. ಅದರಲ್ಲಿ ನಮ್ಮ ಊರಿನವರ ಮುಖ ಕಾಣುತ್ತಿರಲಿಲ್ಲ. ಕಂಡರೂ ಆ ಮುಖಕ್ಕೆ ಹೆಸರಿರುತ್ತಿರಲಿಲ್ಲ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಸಾಮಾನ್ಯ ಜನ ತಮ್ಮ ನೆನಪನ್ನು ತಮ್ಮದೇ ಮಾತಿನಲ್ಲಿ ಹೇಳಿ, ಅದನ್ನು ತಮ್ಮದೇ ಮನೆಯಲ್ಲಿ ಕೂತು ಗೋಡೆಯ ಮೇಲೆ ನೋಡುವಂತೆ ಮಾಡಿದವರು, ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಗುರುಗಳಾದ ಪ್ರೊಫೆಸರ್ ಮಹೇಶ್ವರಿ ಕುಪ್ಪೇಲೂರ ಅವರು. ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ತೆಗೆದ ಕಿರುಚಿತ್ರಗಳು ದೊಡ್ಡ ಊರುಗಳ ಉತ್ಸವಗಳಲ್ಲಿ ಮೆಚ್ಚುಗೆ ಪಡೆದಿವೆ. ಆದರೆ ಅವರ ಸಾಧನೆಯನ್ನು ಆ ಪ್ರಶಸ್ತಿಫಲಕಗಳಿಂದ ಅಳೆಯುವುದು ಸರಿಯಾಗಲಾರದೆಂದು ನನಗೆ ಅನ್ನಿಸುತ್ತದೆ. ಅವುಗಳಲ್ಲಿ ಅರ್ಧದಷ್ಟನ್ನು ಅವರು ವಿಭಾಗದ ಕಿಟಕಿಗಳು ಗಾಳಿಗೆ ಬಡಿಯದಂತೆ ಒತ್ತುಕೊಡಲು ಬಳಸಿದ್ದಾರೆ.

ಮೇಡಂ ರಾಣೆಬೆನ್ನೂರಿನ ಕಾಲೇಜಿಗೆ ಬಂದದ್ದು ಕನ್ನಡ ಉಪನ್ಯಾಸಕಿಯಾಗಿ. ಕೆಲವು ವರ್ಷಗಳ ಬಳಿಕ ಪತ್ರಿಕೋದ್ಯಮ ವಿಷಯ ಆರಂಭವಾದಾಗ, ಬೇರೆ ಯಾರೂ ಒಪ್ಪದ ಆ ಹೊಣೆ ಅವರ ಪಾಲಿಗೆ ಬಂತು. ಪಠ್ಯದಲ್ಲಿ ಸಾಕ್ಷ್ಯಚಿತ್ರ ನಿರ್ಮಾಣ ಎಂಬ ಅಧ್ಯಾಯವಿತ್ತು, ಕಾಲೇಜಿನಲ್ಲಿ ಕ್ಯಾಮೆರಾ ಇರಲಿಲ್ಲ. ಆಗ ಅವರು ಸಂಬಂಧಿಕರ ಮದುವೆಯೊಂದರಲ್ಲಿ ವಿಡಿಯೋ ತೆಗೆಯುತ್ತಿದ್ದ ಹಾವೇರಿಯ ನಾಸೀರ ಅವರನ್ನು ಊಟದ ಪಂಕ್ತಿಯಲ್ಲೇ ಹಿಡಿದು ಕೇಳಿದರಂತೆ: “ಮದಿವಿ ಇಲ್ಲದಾಗ ನಿನ್ನ ಕ್ಯಾಮೆರಾ ಏನ ಮಾಡತೈತಪಾ?”

“ಮಲಗತೈತ್ರಿ ಮೇಡಂ, ನನ್ನಂಗ.”

“ಹಂಗಾರ ಇಬ್ಬರೂ ಎದ್ದು ಕಾಲೇಜಿಗೆ ಬರ್ರಿ.”

ಅಂದಿನಿಂದ ಇಂದಿನವರೆಗೆ ವಿಭಾಗದ ಎಲ್ಲ ಚಿತ್ರಗಳ ಛಾಯಾಗ್ರಹಣವೂ ಸಂಕಲನವೂ ನಾಸೀರ ಅವರದೇ. ಆ ಕಾರಣಕ್ಕೆ ನಮ್ಮ ಆರಂಭದ ಚಿತ್ರಗಳಲ್ಲಿ ಅಜ್ಜಂದಿರು ಮಾತು ಮುಗಿಸಿದ ಕೂಡಲೇ ಮದುವೆಯ ವಿಡಿಯೋದಲ್ಲಿಯಂತೆ ಅವರ ಮುಖ ಗುಲಾಬಿ ಹೂವಿನೊಳಗೆ ಕರಗಿಹೋಗುತ್ತಿತ್ತು. ಮೇಡಂ ಆ ಅಭ್ಯಾಸಗಳನ್ನು ನಗುತ್ತಲೇ ಒಂದೊಂದಾಗಿ ಬಿಡಿಸಿದರು.

ಅವರ ಕೆಲಸದ ರೀತಿಯನ್ನು ಹೇಳದೆ ಅವರನ್ನು ಪರಿಚಯಿಸಲಾಗದು. ಯಾರ ಚಿತ್ರ ತೆಗೆಯಬೇಕೋ ಅವರ ಮನೆಗೆ ಮೊದಲ ಸಲ ಹೋದಾಗ ಕ್ಯಾಮೆರಾದ ಮುಚ್ಚಳ ತೆಗೆಯುವಂತಿಲ್ಲ. ಎರಡನೆಯ ಸಲ ಮುಚ್ಚಳ ತೆಗೆದು ಕ್ಯಾಮೆರಾವನ್ನು ಮನೆಯವರ ಕೈಗೇ ಕೊಡಬೇಕು. ಅವರು ನಮ್ಮನ್ನು ಚಿತ್ರೀಕರಿಸಬೇಕು, ಬೇಕಾದ ಪ್ರಶ್ನೆ ಕೇಳಬೇಕು, ನಾವು ಉತ್ತರಿಸಬೇಕು. ನಿನ್ನ ಮದುವೆ ಯಾಕೆ ಆಗಿಲ್ಲ, ನಿಮ್ಮಪ್ಪನಿಗೆ ಹೊಲ ಎಷ್ಟು, ಇಷ್ಟು ಓದಿ ಏನು ಮಾಡುತ್ತಿ ಎಂಬ ಪ್ರಶ್ನೆಗಳ ಮುಂದೆ ಬೆವತ ಮೇಲೆಯೇ ನಾವು ಪ್ರಶ್ನೆ ಕೇಳಲು ಅರ್ಹರಾಗುತ್ತಿದ್ದೆವು. ಚಿತ್ರ ಪೂರ್ತಿಯಾದ ಮೇಲೆ ಅದರ ಮೊದಲ ಪ್ರದರ್ಶನ ಅದೇ ಮನೆಯಲ್ಲಿ. ಅವರು ಬೇಡವೆಂದ ಭಾಗ ಆ ಮನೆಯ ಹೊಸ್ತಿಲು ದಾಟುವುದಿಲ್ಲ.

ನಾನು ವಿದ್ಯಾರ್ಥಿನಿಯಾಗಿದ್ದಾಗ ಕಾಗಿನೆಲೆಯ ಮನೆಯೊಂದರಲ್ಲಿ ಅಜ್ಜಿಯೊಬ್ಬರು ಕ್ಯಾಮೆರಾ ಹಿಡಿದು “ನಿನ್ನ ಹೆಸರ ಹೇಳವಾ” ಎಂದಾಗ ನನ್ನ ಬಾಯಿಂದ ಕಾವ್ಯಾ ಎಂಬ ಎರಡಕ್ಷರ ಹೊರಡಲಿಲ್ಲ. ಮೇಡಂ ನನ್ನನ್ನು ಗದರಲಿಲ್ಲ, ಧೈರ್ಯ ಹೇಳಲೂ ಇಲ್ಲ. ಅಜ್ಜಿಯ ಕೈ ಹಿಡಿದು ಕ್ಯಾಮೆರಾವನ್ನು ಗೋಡೆಯ ಕಡೆಗೆ ತಿರುಗಿಸಿ, “ಈಗ ಹೇಳು, ಗ್ವಾಡಿ ಕೇಳತೈತಿ” ಎಂದರು. ಗೋಡೆಗೆ ನಾನು ಹೆಸರು ಹೇಳಿದೆ. ಆ ತುಣುಕು ಇಂದಿಗೂ ಅವರ ಬಳಿ ಇದೆ: ಸುಣ್ಣ ಬಳಿದ ಗೋಡೆ, ಒಂದು ಹಲ್ಲಿ, ನನ್ನ ದನಿ. ಮುಂದೆ ನಾನು ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದ ದಿನ ಮೇಡಂ ಅದನ್ನು ಹೊಸ ವಿದ್ಯಾರ್ಥಿಗಳಿಗೆ ತೋರಿಸಿ, “ಇದು ನಿಮ್ಮ ಮೇಡಮ್ಮಾರ ಮೊದಲ ಚಿತ್ರ. ಹಲ್ಲಿ ಪಾತ್ರ ಭಾಳ ಚಲೋ ಮಾಡೈತಿ” ಎಂದರು.

ಮೇಡಂ ಅವರ ಚಿತ್ರಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ‘ತವರಿನ ಹೆಸರು’ ಎಂಬ ಮಾಲಿಕೆ. ನಮ್ಮ ಕಡೆಯ ಎಷ್ಟೋ ಮನೆತನಗಳಲ್ಲಿ ಮದುವೆಯ ದಿನವೇ ಸೊಸೆಗೆ ಬೇರೆ ಹೆಸರಿಡುವ ರೂಢಿ ಇತ್ತು. ತವರಿನ ಹೆಸರು ತವರಲ್ಲೇ ಉಳಿಯುತ್ತಿತ್ತು. ತಂದೆ ತಾಯಿ ತೀರಿದ ಮೇಲೆ ಆ ಹೆಸರಿನಿಂದ ಕರೆಯುವವರು ಯಾರೂ ಇರುತ್ತಿರಲಿಲ್ಲ. ಗಂಡನ ಹೆಸರನ್ನು ನೇರವಾಗಿ ಹೇಳದೆ, ಪ್ರಾಸವಿಟ್ಟು ಕಟ್ಟಿದ ಒಂದೆರಡು ಸಾಲಿನ ಒಡಪಿನಲ್ಲಿ ಹೇಳುವುದು ನಮ್ಮ ಹೆಂಗಸರ ಪದ್ಧತಿ. ಮೇಡಂ ಅದನ್ನು ತುಸು ತಿರುಗಿಸಿದರು. ಗಂಡನ ಹೆಸರು ಬೇಡ, ನಿಮ್ಮ ತವರಿನ ಹೆಸರನ್ನೇ ಒಡಪಿನಲ್ಲಿ ಹೇಳಿರಿ ಎಂದರು. ನನ್ನನ್ನು ಮಾತಾಡಿಸಿದ ಕಾಗಿನೆಲೆಯ ಅದೇ ಅಜ್ಜಿ ಕ್ಯಾಮೆರಾವನ್ನು ನಾಸೀರ ಅವರಿಗೆ ಮರಳಿಸಿ ಮರುಘಳಿಗೆಯಲ್ಲಿ ಹೇಳಿದ್ದು ಹೀಗೆ: “ಹೊಸಲ ದಾಟೂ ಮುಂದ ಸೇರ ಒದ್ದೆ, ಚೆಲ್ಲಿ ಹೋದ್ವು ಅಕ್ಕಿ, ಅಕ್ಕಿ ಕೂಡ ಚೆಲ್ಲಿ ಹೋದ ನೀಲವ್ವನ ಯಾರ ತಂದಾರ ಹೆಕ್ಕಿ?” ಹೇಳಿ ಮುಗಿಸಿ ಆಕೆ ಬಹಳ ಹೊತ್ತು ನಕ್ಕರು. ನಗು ನಿಂತ ಮೇಲೂ ನಾಸೀರ ಕ್ಯಾಮೆರಾ ಇಳಿಸಲಿಲ್ಲ. ಅಂದಿನಿಂದ ನಮ್ಮ ಚಿತ್ರಗಳಲ್ಲಿ ಗುಲಾಬಿ ಹೂವು ಪೂರ್ತಿ ಮಾಯವಾಯಿತು.

ಆರು ವರ್ಷಗಳ ಹಿಂದೆ, ಈ ಮಾಲಿಕೆ ಮುಗಿಯುತ್ತ ಬಂದಾಗ, ನಮ್ಮ ವಿದ್ಯಾರ್ಥಿನಿ ಸುಧಾರಾಣಿ ತನ್ನ ಅಜ್ಜಿಯ ವಿಷಯ ತಂದಳು. ಬ್ಯಾಡಗಿಯಲ್ಲಿ ಅವಳ ತಂದೆ ಶಂಕ್ರಪ್ಪನವರದು ಮೆಣಸಿನಕಾಯಿ ದಲಾಲಿ ಅಂಗಡಿ, ಹಿಂದೆಯೇ ಮನೆ. ಅವರ ತಾಯಿ ಸುಶೀಲವ್ವನವರಿಗೆ ನೆನಪು ಕೈಕೊಡುತ್ತಿತ್ತು. “ಕರದ್ರ ಹೊಳ್ಳಿ ನೋಡಂಗಿಲ್ರಿ ಮೇಡಂ. ಡಾಕ್ಟರು ಕಿವಿ ಚಲೋ ಅದಾವ ಅಂತಾರ. ಉಣ್ಣಾಕ ಕರದ್ರೂ ಸುಮ್ಮನ ಕುಂತಿರ್ತಾಳ. ಪೂರಾ ಮರಿಯೂದರಾಗ ಒಂದ ಚಿತ್ರ ಮಾಡೋಣ್ರಿ” ಎಂದಳು.

ನಾವು ಹೋದೆವು. ಮೆಣಸಿನಕಾಯಿಯ ಘಾಟಿಗೆ ನಾಸೀರ ಕೆಮ್ಮಿ ಕೆಮ್ಮಿ ಕಣ್ಣೀರಾದರು. ಸುಶೀಲವ್ವನವರು ಅವರನ್ನು ಹತ್ತಿರ ಕರೆದು ಗಡ್ಡ ಹಿಡಿದು ಜಗ್ಗಿ, “ಹೊಳಿ ಇಳಿದೈತೇನೋ?” ಎಂದು ಕೇಳಿದರು. ನನ್ನನ್ನೂ ಅದನ್ನೇ ಕೇಳಿದರು, ಮೇಡಂ ಅವರನ್ನೂ. ಅವರು ಕೇಳುತ್ತಿದ್ದುದು ಅದೊಂದೇ ಪ್ರಶ್ನೆ. ಶಂಕ್ರಪ್ಪನವರು ಬಾಗಿಲಲ್ಲಿ ನಿಂತು, “ಯಾವ ಹೊಳಿಯೋ ಏನೋ, ದೇವರಿಗೇ ಗೊತ್ತ್ರಿ” ಎಂದು ಮುಖ ಆಚೆ ತಿರುಗಿಸಿದರು. ಆ ತಿರುಗಿಸಿದ ಮುಖವನ್ನು ನಾನು ಗಮನಿಸಿದ್ದೆ. ಅಂಗಡಿಯಲ್ಲಿ ಗಿರಾಕಿ ಬಂದಿರಬೇಕೆಂದುಕೊಂಡೆ.

ಓಣಿಯವರೆಲ್ಲ ಸುಶೀಲವ್ವನವರನ್ನು ‘ಕದರಮಂಡಲಗ್ಯಾಕಿ’ ಎನ್ನುತ್ತಿದ್ದರು. ಸೊಸೆಯನ್ನು ತವರೂರಿನ ಹೆಸರಿನಿಂದ ಗುರುತಿಸುವುದು ನಮ್ಮಲ್ಲಿ ಎಲ್ಲ ಕಡೆಗೂ ಇರುವುದರಿಂದ, ತವರಿನ ಹೆಸರು ಅಲ್ಲಿಯೇ ಸಿಗುತ್ತದೆಂದು, ಸುಧಾರಾಣಿಯನ್ನು ಅಜ್ಜಿಯ ಬಳಿ ಬಿಟ್ಟು, ಮೇಡಂ, ನಾಸೀರ, ನಾನು ಮರುದಿನ ಕದರಮಂಡಲಗಿಗೆ ಹೋದೆವು. ನಮ್ಮಲ್ಲಿ ಯಾರೇ ಆದರೂ ಹಾಗೆಯೇ ಹೋಗುತ್ತಿದ್ದರು. ಸುಶೀಲವ್ವನವರ ತವರೆಂದು ಊರವರು ತೋರಿಸಿದ, ಆಂಜನೇಯನ ಗುಡಿಯ ಹಿಂದಿನ ಮನೆಯಲ್ಲಿ ಗಿರಿಜವ್ವ ಎಂಬ ವೃದ್ಧೆ ನಮ್ಮನ್ನು ಕೂರಿಸಿ, ಚಹ ಕೊಟ್ಟು, ವಿಷಯ ಕೇಳಿದ ಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

“ಸುಶೀಲಿ ನಮ್ಮಕ್ಕ. ಅಕಿ ಸತ್ತು ಅರವತ್ತ ವರ್ಷಾತಲ್ಲವಾ.”

“ಹಂಗಾರ ನಿನ್ನಿ ನನ್ನ ಗಡ್ಡ ಜಗ್ಗಿದಾಕಿ ಯಾರ್ರೀ?” ಎಂದರು ನಾಸೀರ.

ಗಿರಿಜವ್ವ ನಗಲಿಲ್ಲ. “ನಮ್ಮಕ್ಕ ಶಂಕ್ರನ್ನ ಹಡದು ಹೋದಳು. ಕೂಸಿಗೆ ಅವ್ವ ಬೇಕಲ್ಲ? ಹೊಳಿ ಆನ್ವೇರಿಯಿಂದ ಒಂದು ಹುಡಗೀನ ಲಗ್ನ ಮಾಡಿ ತಂದ್ರು. ಕೂಸಿಗೆ ಮಲತಾಯಿ ಅನ್ನೂದು ಗೊತ್ತಾಗಬಾರದಂತ ನಮ್ಮಕ್ಕನ ಹೆಸರ ಇಟ್ರು, ನಮ್ಮೂರ ಹೆಸರ ಹಚ್ಚಿದ್ರು. ನಮ್ಮಪ್ಪನೂ ಅಕಿನ್ನ ಮಗಳಂಗ ಪಂಚಮಿಗೆ ಕರದು ಸೀರಿ ಉಡಸ್ತಿದ್ದ. ಆ ಹುಡಗಿ ನಮ್ಮನ್ಯಾಗ ಜೋಕಾಲಿ ಆಡಿ ಹೋಗಾಕಿ. ತನ್ನ ಊರಿನ ಮಾತ ಒಂದ ದಿನ ಎತ್ತಲಿಲ್ಲ.”

“ಆಕಿದು ಖರೇ ಹೆಸರೇನ್ರಿ?” ಎಂದು ಮೇಡಂ ಕೇಳಿದರು.

“ಅದನ್ನ ಯಾರ ಕೇಳ್ಯಾರವಾ?”

ಹೊಳೆ ಆನ್ವೇರಿ ತುಂಗಭದ್ರೆಯ ದಂಡೆಯ ಊರು. ಅಲ್ಲಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರಿಗೆ, ಬ್ಯಾಡಗಿಗೆ ಎರಡನೇ ಸಂಬಂಧಕ್ಕೆ ಕೊಟ್ಟ ಹುಡುಗಿ ಎಂದೊಡನೆ ನೆನಪಾಯಿತು. “ನಮ್ಮ ಕೊಟ್ರವ್ವ ಏನು? ಅವರ ಹೊಲ ಆಚಿ ದಂಡ್ಯಾಗಿತ್ತು. ಅವರಪ್ಪ ಆಚಿಗೆ ಹೋದಾಗ ಹೊಳಿ ಬಂತಂದ್ರ ಮುಗೀತು, ಅಕಿ ದಂಡಿ ಬಿಟ್ಟು ಏಳ್ತಿದ್ದಿಲ್ಲ. ಹೊಳಿ ಇಳಿದೈತೇನು ಅಂತ ಕಂಡ ಕಂಡವರನ್ನೆಲ್ಲಾ ಕೇಳಾಕಿ.”

ಬಸ್ಸಿನಲ್ಲಿ ಹಿಂದಿರುಗಿದೆವು. ರಾಣೆಬೆನ್ನೂರು ಬಂದಾಗ ನಾಸೀರ ತಡೆಯಲಾರದೆ, “ಇಂಥಾ ಚಿತ್ರ ಜನ್ಮಕ್ಕೊಂದ ಸಿಗತೈತ್ರಿ ಮೇಡಂ. ಬೆಂಗಳೂರಿಗೆ ಕಳಸೂದು ತಿಂಗಳೊಳಗ ಐತಿ” ಎಂದರು. ನಮ್ಮ ವಿಭಾಗಕ್ಕೆ ಬೆಂಗಳೂರಿನ ಸಾಕ್ಷ್ಯಚಿತ್ರ ಉತ್ಸವದ ಕರೆ ಬಂದಿದ್ದು ನಿಜ. ಮೇಡಂ ನಿಧಾನವಾಗಿ ಹೇಳಿದರು: “ಶಂಕ್ರಪ್ಪನವರಿಗೆ ಗೊತ್ತಿಲ್ಲದ ಸಂಗ್ತಿ ಇದು. ಅರವತ್ತ ದಾಟಿದ ಮನಷ್ಯಾಗ ಪಡದೆ ಮ್ಯಾಲೆ ತೋರಿಸಿ ನಿಮ್ಮವ್ವ ಸತ್ತಾಳ ಅಂತ ಹೇಳೂದೇನು? ಬ್ಯಾಡ.”

ಕಟ್ಟೆಯ ಹಿರಿಯರ ಮಾತು ಹಿಡಿದಿದ್ದ ಕ್ಯಾಮೆರಾದ ಕಾರ್ಡು ಮೇಡಂ ಅವರ ಕಪಾಟು ಸೇರಿತು. ಸುಧಾರಾಣಿಗೂ ಅವರು ಕಾರಣ ಹೇಳಲಿಲ್ಲ. ಬೇರೆ ವಿಷಯ ಆರಿಸಿಕೊಟ್ಟು, ಅದಕ್ಕಾಗಿ ಅವಳ ಜೊತೆ ತಾವೇ ಓಡಾಡಿದರು. ಆದರೆ ಅವರಿಗೆ ನೆಮ್ಮದಿ ಇರಲಿಲ್ಲವೆಂಬುದು ನನಗೆ ಕಾಣುತ್ತಿತ್ತು. ಹೆಸರು ಕೈಯಲ್ಲಿದೆ, ಅದರಿಂದ ಕರೆದರೆ ಓಗೊಡಬಹುದಾದ ಜೀವ ಬ್ಯಾಡಗಿಯಲ್ಲಿ ದಿನದಿನಕ್ಕೆ ಮಂಕಾಗುತ್ತಿದೆ, ಕರೆದರೆ ಮಗನ ಅರವತ್ತು ವರ್ಷದ ನಂಬಿಕೆ ಒಡೆಯುತ್ತದೆ. ಅಜ್ಜಿ ಈಗ ಅನ್ನ ಮುಟ್ಟುತ್ತಿಲ್ಲವೆಂದು ಸುಧಾರಾಣಿ ಬಂದು ಅತ್ತ ದಿನ ಮೇಡಂ ನನ್ನನ್ನು ಕರೆದು, “ಕಾವ್ಯಾ, ನಾಳೆ ಬ್ಯಾಡಗಿಗೆ ಹೋಗಿ ಬರೂಣ. ಕ್ಯಾಮೆರಾ ಬ್ಯಾಡ” ಎಂದರು.

ಮಧ್ಯಾಹ್ನ. ಶಂಕ್ರಪ್ಪನವರು ಅಂಗಡಿಯಲ್ಲಿದ್ದರು. ಅವರ ಮನೆಯವರು ನಮ್ಮನ್ನು ಒಳಗಿನ ಕೋಣೆಗೆ ಬಿಟ್ಟು ಒಲೆಯ ಕಡೆಗೆ ಹೋದರು. ಸುಶೀಲವ್ವನವರು ಗೋಡೆಗೆ ಮುಖಮಾಡಿ ಕೂತಿದ್ದರು, ಪಕ್ಕದಲ್ಲಿ ತಾಟು ಹಾಗೆಯೇ ಇತ್ತು. ಮೇಡಂ ಅವರ ಹತ್ತಿರ ನೆಲಕ್ಕೆ ಕೂತು, ಬಾಗಿ, ನನಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ ಕರೆದರು: “ಕೊಟ್ರವ್ವಾ.”

ಆಕೆ ತಿರುಗಿದರು. ಕರೆದ ಮೇಡಂ ಅವರ ಮುಖವನ್ನು ಆಕೆ ನೋಡಲಿಲ್ಲ. ಬಾಗಿಲ ಕಡೆಗೆ ನೋಡಿದರು. ಆಮೇಲೆ ಬೆರಳನ್ನು ತುಟಿಗಿಟ್ಟು ಹೇಳಿದರು: “ಸಣ್ಣಾಗಿ ಕರೀಯವ್ವ. ಕೂಸು ಕೇಳೀತು.”

ಬಾಗಿಲಲ್ಲಿ ಶಂಕ್ರಪ್ಪನವರು ನಿಂತಿದ್ದರು.

ಆ ಕ್ಷಣದಲ್ಲಿ ನನಗೆ ಓಡಿಹೋಗಬೇಕೆನಿಸಿತ್ತು. ಮೇಡಂ ಎದ್ದು ನಿಂತು ಕೈಮುಗಿದರು. “ತಪ್ಪು ನನ್ನದ್ರಿ. ನಿಮಗ ಕೇಳಿಸಬೇಕಂತ ಬಂದಿದ್ದಿಲ್ಲ” ಎಂದರು. ಶಂಕ್ರಪ್ಪನವರು ಒಳಗೆ ಬಂದು ತಾಯಿಯ ತಾಟಿನ ಮುಂದೆ ಕೂತರು.

“ಕುಂದರ್ರಿ ಮೇಡಂ. ನನಗ ಸಣ್ಣಾಂವ ಇದ್ದಾಗಿಂದ ಗೊತ್ತೈತ್ರಿ. ಪಂಚಮಿಗೆ ಕದರಮಂಡಲಗಿಗೆ ಹೋದಾಗ ಗೋಲಿ ಆಡೂ ಮುಂದ ಜಗಳಾತು, ಇಕಿ ನಿನ್ನ ಹಡದಾಕಿ ಅಲ್ಲಂತ ಒಬ್ಬಾಂವ ಅಂದುಬಿಟ್ಟ. ನಾ ಮನಿಗೆ ಬಂದು ಸುಮ್ಮನಾದೆ. ಅಕಿ ಮುಚ್ಚಿಟ್ಟಿದ್ದು ನನ್ನ ಸಲುವಾಗಿ, ನಾ ಮುಚ್ಚಿಟ್ಟಿದ್ದು ಅಕಿ ಸಲುವಾಗಿ. ಹೆಸರೊಂದು ಗೊತ್ತಿರಲಿಲ್ಲ. ಕೇಳಿದ್ರ, ನನಗ ಗೊತ್ತೈತಿ ಅನ್ನೂದು ಅಕಿಗೆ ಗೊತ್ತಾಗತಿತ್ತಲ್ರಿ.” ಸ್ವಲ್ಪ ತಡೆದು ಕೇಳಿದರು: “ಈಗ ಏನಂದ್ರಿ? ಇನ್ನೊಮ್ಮೆ ಹೇಳ್ರಿ.”

ಮೇಡಂ ಹೇಳಿದರು. ಅವರು ಅದನ್ನು ಬಾಯಲ್ಲಿ ಒಮ್ಮೆ ಆಡಿಸಿ ನೋಡಿದರು, ದನಿ ಬರಲಿಲ್ಲ. ತಾಯಿ ತಂದೆಯ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿ ಯಾರ ಬಾಯಿಗೂ ಬರುವುದಿಲ್ಲ. ಚಿತ್ರ ಪೂರ್ತಿ ಮಾಡಿರಿ, ನಮ್ಮನೆಯಲ್ಲೇ ತೋರಿಸಿರಿ ಎಂದಷ್ಟೇ ಹೇಳಿ ಅಂಗಡಿಗೆ ಹೋದರು.

ಚಿತ್ರ ಪೂರ್ತಿಯಾಯಿತು. ಬೆಂಗಳೂರಿನ ಗಡುವು ಅಷ್ಟರಲ್ಲಿ ಮುಗಿದಿತ್ತು. ಮೇಡಂ ಅದರ ಮಾತೇ ಎತ್ತಲಿಲ್ಲ. ಒಂದು ಸಂಜೆ ಶಂಕ್ರಪ್ಪನವರ ಪಡಸಾಲೆಯಲ್ಲಿ ಚೀಲಗಳನ್ನು ಸರಿಸಿ, ಗೋಡೆಗೆ ಪಂಚೆ ಕಟ್ಟಿ ಅದನ್ನು ತೋರಿಸಿದೆವು. ಓಣಿಯ ಹೆಂಗಸರು ತುಂಬಿದ್ದರು. ಕದರಮಂಡಲಗಿಯಿಂದ ಗಿರಿಜವ್ವ ಬಂದಿದ್ದರು. ಇಂತಹ ಪ್ರದರ್ಶನಗಳಲ್ಲಿ ಮೇಡಂ ಪರದೆಗೆ ಬೆನ್ನುಮಾಡಿ, ನೋಡುವವರ ಮುಖಗಳನ್ನು ನೋಡುತ್ತ ಕೂರುವುದು ವಾಡಿಕೆ. ಅಂದೂ ಹಾಗೆಯೇ ಕೂತಿದ್ದರು. ತುಂಗಭದ್ರೆಯ ದಂಡೆ, ಆಚೆಯ ಹೊಲ, ಕಟ್ಟೆಯ ಹಿರಿಯರ ಮಾತು ಎಲ್ಲ ಮುಗಿದವು. ಈ ಮಾಲಿಕೆಯ ಪ್ರತಿ ಚಿತ್ರವೂ ಒಡಪಿನಿಂದ ಮುಗಿಯುತ್ತದೆ. ಇದಕ್ಕೆ ಒಡಪು ಇರಲಿಲ್ಲ. ಹೇಳಬೇಕಾದವರಿಗೆ ಒಡಪು ಕಟ್ಟುವಷ್ಟು ನೆನಪು ಉಳಿದಿರಲಿಲ್ಲ.

ಗಿರಿಜವ್ವ ಶಂಕ್ರಪ್ಪನವರ ಕಡೆಗೆ ತಿರುಗಿದರು. “ಅಕಿಗೆ ಬರಂಗಿಲ್ಲಂದ್ರ ಮಗ ಹೇಳಲಿ. ಏನೋ ಶಂಕ್ರಾ, ಹರಾಜಿನ್ಯಾಗ ಊರು ಕೇಳಂಗ ಒದರ್ತಿ, ಈಗ ಹಲ್ಲ ಕಚಗೊಂಡೀಯಲ್ಲ?”

“ಚಿಗವ್ವಾ, ಒಡಪು ಹೆಂಗಸರದು.”

“ಮೀಸಿ ಉದರಂಗಿಲ್ಲ, ಹೇಳು.”

ಹೆಂಗಸರು ನಕ್ಕರು. ಶಂಕ್ರಪ್ಪನವರು ಎದ್ದು ನಿಂತರು, ಟೊಪ್ಪಿಗೆ ತೆಗೆದರು, ಮತ್ತೆ ಹಾಕಿಕೊಂಡರು. ತಾಯಿಯನ್ನು ನೋಡದೆ, ಎದುರಿನ ಪಂಚೆಯನ್ನು ನೋಡುತ್ತ ಹೇಳಿದರು:

“ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿದ್ದು ಬಣ್ಣಕ್ಕ, ಖಾರಕ್ಕಲ್ಲ;
ಹೊಳಿ ಆನ್ವೇರಿ ಕೊಟ್ರವ್ವ ನನ್ನವ್ವ ಆಗಿದ್ದು ಹಡದದ್ದಕ್ಕಲ್ಲ.”

“ಓ” ಎಂದರು ಕೊಟ್ರವ್ವ.

ಯಾರೋ ದೂರದಿಂದ ಕರೆದಾಗ ಕೆಲಸದ ನಡುವೆ ಓಗೊಡುವಂಥ ಸಹಜ ದನಿ. ಆಮೇಲೆ ಮಗನ ಕಡೆಗೆ ತಿರುಗಿ, “ಹೊಳಿ ಇಳಿದೈತೇನು?” ಎಂದು ಕೇಳಿದರು.

“ಇಳಿದೈತವಾ. ಬಾ, ಉಣ್ಣೂಣು.”

ಅಂದು ಅವರು ಉಂಡರು. ನೆನಪು ಮರಳಲಿಲ್ಲ, ಆದರೆ ಮುಂದಿನ ನಾಲ್ಕು ವರ್ಷ ಆ ಮನೆಯಲ್ಲಿ ಊಟದ ಹೊತ್ತಿಗೆ ಮೊಮ್ಮಗಳು “ಕೊಟ್ರವ್ವಜ್ಜೀ” ಎಂದು ಕರೆಯುತ್ತಿದ್ದಳು, ಅವರು ಓಗೊಡುತ್ತಿದ್ದರು. ಅವರು ಲಿಂಗೈಕ್ಯರಾದಾಗ ಶಂಕ್ರಪ್ಪನವರು ಹಂಚಿದ ಶಿವಗಣಾರಾಧನೆಯ ಪತ್ರಿಕೆಯಲ್ಲಿ ‘ಕೊಟ್ರವ್ವ ಉರ್ಫ ಸುಶೀಲವ್ವ’ ಎಂದು ಅಚ್ಚಾಗಿತ್ತು. ಹೆತ್ತ ತಾಯಿಯ ಹೆಸರನ್ನೂ ಅವರು ಬಿಡಲಿಲ್ಲ. ಈ ಸಂಗತಿಯನ್ನು ಇಲ್ಲಿ ಬರೆಯಲು ಅನುಮತಿ ಬೇಡಿದಾಗ ಅವರು, “ಬರೀರಿ. ಮೊದಲ ನನಗ ಓದಿ ತೋರಸ್ರಿ, ನಿಮ್ಮ ಮೇಡಮ್ಮಾರ ಪದ್ಧತಿಯಂಗ” ಎಂದರು. ಓದಿ ತೋರಿಸಿದ್ದೇನೆ. ಅವರು ತೆಗೆಯಹೇಳಿದ ಒಂದು ವಾಕ್ಯ ಇಲ್ಲಿಲ್ಲ.

ಮೇಡಂ ಅವರ ವಿದ್ಯಾರ್ಥಿಗಳು ಇಂದು ಪತ್ರಿಕೆಗಳಲ್ಲಿ, ವಾಹಿನಿಗಳಲ್ಲಿ, ಶಾಲೆಗಳಲ್ಲಿ ಇದ್ದಾರೆ. ನಾವು ಅವರಿಂದ ಕಲಿತದ್ದು ಚಿತ್ರ ತೆಗೆಯುವುದಕ್ಕಿಂತ ಹೆಚ್ಚಾಗಿ, ಮುಚ್ಚಳ ಹಾಕಿಕೊಂಡು ಕಾಯುವುದನ್ನು. ಇನ್ನೊಬ್ಬರ ಬದುಕಿನ ಸತ್ಯ ನಮ್ಮ ಕೈಗೆ ಸಿಕ್ಕಿತೆಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲವೆಂಬ ಎಚ್ಚರವನ್ನು ಅವರು ನಮ್ಮಲ್ಲಿ ಬಿತ್ತಿದರು, ಮತ್ತು ಆ ಎಚ್ಚರವಿದ್ದೂ ಒಮ್ಮೊಮ್ಮೆ ಬಾಗಿ, ಮೆಲ್ಲಗೆ ಕರೆಯಬೇಕಾಗುತ್ತದೆ ಎಂಬುದನ್ನೂ.

ಒಂದು ಮಾತು ಉಳಿದಿದೆ. ಬ್ಯಾಡಗಿಯ ಆ ಸಂಜೆ, ಚಿತ್ರ ಮುಗಿದ ಮೇಲೆ, ಓಣಿಯ ಹೆಂಗಸರು ಮೇಡಂ ಅವರನ್ನು ಸುತ್ತುಗಟ್ಟಿದರು. ಮಹೇಶ್ವರಿ ಎಂಬುದು ಅವರ ಗಂಡನ ಮನೆಯಲ್ಲಿಟ್ಟ ಹೆಸರೆಂಬುದು ಅಂದೇ ನಮಗೆ ತಿಳಿದದ್ದು. “ಎಲ್ಲಾರ ಹೆಸರೂ ಹೇಳಿಸಿದ್ರಿ, ನಿಮ್ಮ ತವರಿಂದು ಏನ್ರಿ?” ಎಂದು ಗಿರಿಜವ್ವ ಪಟ್ಟು ಹಿಡಿದರು. ಮೇಡಂ ವಯರು ಸುತ್ತುತ್ತ ನಕ್ಕರು. “ಚಿತ್ರ ತಗದಾಕಿ ಹೆಸರು ಕಟ್ಟಕಡೀಕೆ ಬರತೈತ್ರೆವಾ” ಎಂದರು.

ನಾವು ಮತ್ತೆ ಕೇಳಿಲ್ಲ. ನಿವೃತ್ತಿಯ ಈ ದಿನವನ್ನು ಕಟ್ಟಕಡೆ ಎಂದು ಭಾವಿಸಿ ಈಗ ಕೇಳುವುದೂ ಇಲ್ಲ. ಹೊಳೆಯ ದಂಡೆಯ ಊರುಗಳಲ್ಲಿ ಅವರು ನೋಡಬೇಕಾದ ಮುಖಗಳು ಇನ್ನೂ ಬಹಳ ಇವೆ. ಒಂದು ಕಾಲಕ್ಕೆ ಮಲಗುತ್ತದೆಂದು ನಾಸೀರ ಹೇಳಿದ್ದ ಕ್ಯಾಮೆರಾ ಇನ್ನೂ ಎಚ್ಚರವಾಗಿದೆ. ಆರೋಗ್ಯವೂ ಆಯುಷ್ಯವೂ ಮೇಡಂ ಅವರಿಗೆ ತುಂಬಿ ಬರಲಿ. ಚಿತ್ರ ಉದ್ದವಾಗಲಿ, ಆ ಹೆಸರು ಬಹಳ ತಡವಾಗಿ ಬರಲಿ. ಬಂದ ದಿನ, ಮೆಲ್ಲಗೆ ಹೇಳಿದರೂ ಕೇಳುವಷ್ಟು ಹತ್ತಿರ ನಾವೆಲ್ಲ ಕೂತಿರುತ್ತೇವೆ.